ಎಂಟು ಕೀಲು

ನಮ್ಮ ಮನೆಯ ಬಾಗಿಲುವಾಡದಲ್ಲಿ ಒಂದೇ ಒಂದು ಕಬ್ಬಿಣದ ಮೊಳೆ ಇಲ್ಲ. ಎಂಟು ಮರದ ಕೀಲುಗಳಿವೆ. ಮೇಲಿನ ನಾಲ್ಕು ಹಳೆಯವು, ಕೆಳಗಿನ ನಾಲ್ಕು ಹೊಸವು. ಈ ಎಂಟು ಕೀಲುಗಳ ಕಥೆ ಹೇಳಿದರೆ ನಮ್ಮ ಕೇರಿಯ ಅರ್ಧ ಕಥೆ ಹೇಳಿದ ಹಾಗೆ. ಅದಕ್ಕೇ ಬರೆಯಲು ಕೂತಿದ್ದೇವೆ. ನಾವು ಅಂದರೆ ಒಬ್ಬ ಅಜ್ಜನ ಮೂವರು ಮೊಮ್ಮಕ್ಕಳು. ಒಬ್ಬ ಮೇಷ್ಟ್ರಾದ, ಒಬ್ಬ ಬಸ್ಸಿನ ಕಂಡಕ್ಟರಾದ, ಒಬ್ಬಳು ಊರಲ್ಲೇ ಉಳಿದು ಹೊಲ ನೋಡಿಕೊಂಡಳು. ಬರೆಯುವ ಕೈ ಒಂದು, ನೆನಪು ಮೂವರದು.

ಬಿ.ಜಿ. ಕೆರೆ ಎಂದರೆ ಬೊಮ್ಮಗೊಂಡನಕೆರೆ. ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯ ಮೇಲಿದೆ. ತಾಲ್ಲೂಕು ಮೊಳಕಾಲ್ಮೂರು. ಹೆಸರಿನಲ್ಲಿ ಕೆರೆ ಇದೆ, ಮಳೆ ಮಾತ್ರ ತನಗೆ ನೆನಪಾದಾಗ ಬರುತ್ತದೆ. ಮಳೆ ಬಂದರೆ ಶೇಂಗಾ, ಬರದಿದ್ದರೆ ಜಾಲಿ. ಜಾಲಿಗೆ ಯಾರ ಹಂಗೂ ಇಲ್ಲ. ನಮ್ಮ ಅಜ್ಜ ಆ ಜಾಲಿಯನ್ನು ನಂಬಿ ಬದುಕಿದವನು. ಅದರ ತೊಗಟೆಯಲ್ಲಿ ತೊಗಲು ಹದ ಮಾಡುತ್ತಿದ್ದ. ಮೆಟ್ಟು, ಮಿಣಿ, ಬಾರು, ಬಾವಿಯ ಕಪಿಲೆಗೆ ಚರ್ಮದ ಬಾನಿ, ಕಮ್ಮಾರನ ಕುಲುಮೆಗೆ ತಿದಿ, ಎಲ್ಲ ಅವನ ಕೈಯಲ್ಲೇ ಆಗಬೇಕಿತ್ತು.

ನಾವು ಸಣ್ಣವರಿದ್ದಾಗ ನಮ್ಮ ಕೇರಿಯ ಗುಡಿಸಲುಗಳಿಗೆ ಬಾಗಿಲು ಇರಲಿಲ್ಲ. ಸಜ್ಜೆದಂಟಿನ ತಟ್ಟಿ ಇತ್ತು. "ಇವರ ಮನೇಲಿ ಕದಿಯಾಕೆ ಏನೈತೆ, ಬಾಗ್ಲು ಯಾಕೆ?" ಅಂತ ಊರವರು ನಗುತ್ತಿದ್ದರು. ಕದಿಯುವ ಮಾತು ಬಿಡಿ. ರಾತ್ರಿ ಯಾರಾದರೂ ಕುಡಿದು ಬಂದು ತಟ್ಟಿ ಒದ್ದರೆ ಒಳಗಿದ್ದ ಹೆಂಗಸರು ಎಲ್ಲಿಗೆ ಹೋಗಬೇಕು? ಬಾಗಿಲು ಎನ್ನುವುದು ವಸ್ತು ಕಾಯುವುದಕ್ಕಷ್ಟೇ ಅಲ್ಲ, ಮನುಷ್ಯರನ್ನೂ ಕಾಯುವುದಕ್ಕೆ. ಒಳಗಿನಿಂದ ಅಗುಳಿ ಹಾಕಿಕೊಳ್ಳುವ ಹಕ್ಕು ಇದ್ದವರಿಗೆ ಇದು ಗೊತ್ತಾಗುವುದಿಲ್ಲ.

ಆಮೇಲೆ ಜನತಾ ಮನೆ ಬಂತು. ಸಾಲು ಮನೆ, ಕಲ್ಲಿನ ಗೋಡೆ, ಒಂದು ಕೋಣೆ, ಒಂದು ಬಾಗಿಲು. ಬಾಗಿಲು ನೋಡಿ ನಮ್ಮ ಅಜ್ಜಿ ಅದಕ್ಕೆ ಅರಿಸಿನ ಕುಂಕುಮ ಹಚ್ಚಿದಳು. ಹಗಲು ಹೊತ್ತಲ್ಲೇ ಎರಡು ಸಲ ಅಗುಳಿ ಹಾಕಿ ತೆಗೆದು ನೋಡಿದಳು. ಕಂಟ್ರಾಕ್ಟರು ಹಸಿ ಜಾಲಿಮರ ತಂದು ಬಾಗಿಲುವಾಡ ಮಾಡಿಸಿದ್ದ. ನಾಲ್ಕು ಮೂಲೆಗೂ ಮರವನ್ನು ಒಂದಕ್ಕೊಂದು ತಾಗಿಸಿ ನಿಲ್ಲಿಸಿ ಉದ್ದನೆ ಮೊಳೆ ಹೊಡೆಸಿದ್ದ. ಮೂರು ದಿನದಲ್ಲಿ ಇಡೀ ಸಾಲಿಗೆ ಬಾಗಿಲಾಯಿತು. ನಮಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಬಾಗಿಲೇ ಇಲ್ಲದವರಿಗೆ ಬಾಗಿಲಿನ ಮೂಲೆ ಎಲ್ಲಿ ಕಾಣುತ್ತದೆ?

ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಮೂಲೆಗಳಲ್ಲಿ ಬೆರಳು ಹೋಗುವಷ್ಟು ಸಂದು ಬಿತ್ತು. ಮೊಳೆಯ ಸುತ್ತ ಮರ ಮಸಿ ಬಳಿದ ಹಾಗೆ ಕರ್ರಗಾಯಿತು. 1981ರ ಮಳೆಗಾಲದ ಒಂದು ಸಂಜೆ ಗಾಳಿ ಎದ್ದಿತು. ಅಜ್ಜಿ ಬಾಗಿಲು ಹಾಕಲು ಎಳೆದಳು. ಮೇಲಿನ ಅಡ್ಡಮರ ಕಿತ್ತುಕೊಂಡು ಅವಳ ಬಲಗೈ ಮೇಲೆ ಬಿತ್ತು. ಮಣಿಕಟ್ಟಿನ ಕೀಲು ಮುರಿಯಿತು. ನಾಟಿ ಕಟ್ಟು ಕಟ್ಟಿಸಿದೆವು. ಕೂಡಿತು, ಆದರೆ ಡೊಂಕಾಗಿ ಕೂಡಿತು. ಆ ಕೈಯಲ್ಲೇ ಅವಳು ಸಾಯುವತನಕ ಮುದ್ದೆ ತಿರುವಿದಳು.

ಅಜ್ಜ ಮಾರನೆ ದಿನ ಆ ಅಡ್ಡಮರದಿಂದ ಒಂದು ಮೊಳೆ ಕಿತ್ತ. ಇಕ್ಕಳ ಬೇಕಾಗಲಿಲ್ಲ, ಬೆರಳಿಗೇ ಬಂತು. ಹೆಬ್ಬೆಟ್ಟಿನಷ್ಟು ದಪ್ಪ ತುಕ್ಕು, ಒಳಗೆ ಸೂಜಿಯಷ್ಟು ಕಬ್ಬಿಣ. ಮೊಳೆ ಇದ್ದ ತೂತಿನ ಸುತ್ತ ಮರ ಪುಡಿಪುಡಿ. ಅಜ್ಜ ಆ ಪುಡಿಯನ್ನು ನಾಲಿಗೆಗೆ ಮುಟ್ಟಿಸಿ ಉಗಿದ.

"ಒಗರು" ಅಂದ. "ಜಾಲಿ ಒಗರು ಕಬ್ಬಿಣ ತಿಂದೈತೆ. ಕಬ್ಬಿಣ ಮರ ತಿಂದೈತೆ. ಇಬ್ರೂ ತಿಂದು ಕೈ ತೊಳಕಂಡವ್ರೆ. ಕೈ ಮುರುದಿದ್ದು ನಿಮ್ಮಜ್ಜೀದು."

ಗೆಳೆಯರೆ, ಈ ಮಾತಿನ ಹಿಂದೆ ಎಷ್ಟು ತಲೆಮಾರಿನ ವಿದ್ಯೆ ಇದೆ ಅನ್ನುವುದು ನಮಗೆ ಆಗ ತಿಳಿಯಲಿಲ್ಲ. ತೊಗಲು ಹದ ಮಾಡುವ ಮನೆಯ ಮೊದಲ ಪಾಠವೇ ಅದು. ಹಸಿ ಚರ್ಮವನ್ನು ಸುಣ್ಣದ ನೀರಲ್ಲಿ ನೆನೆಹಾಕಿ, ಕೂದಲು ಹೆರೆದು, ತೊಳೆದು, ಆಮೇಲೆ ಜಾಲಿ ತೊಗಟೆ, ತಂಗಡಿ ತೊಗಟೆ ಜಜ್ಜಿದ ನೀರಿನಲ್ಲಿ ಹಾಕುತ್ತಾರೆ. ತೊಗಟೆಯ ಒಗರು ಚರ್ಮದ ಒಳಗೆ ಇಳಿಯಿತೆಂದರೆ ಅದು ಕೊಳೆಯುವುದಿಲ್ಲ. ಆ ನೀರಿಗೆ ಕಬ್ಬಿಣದ ಬಕೀಟು ಮುಟ್ಟಿಸಬಾರದು. ಮುಟ್ಟಿಸಿದರೆ ಕೆಂಪಗೆ ಬರಬೇಕಾದ ತೊಗಲು ಕಲೆಕಲೆಯಾಗಿ ಕರ್ರಗಾಗುತ್ತದೆ. ಮೆಟ್ಟಿಗೆ ಕಪ್ಪು ಬಣ್ಣವೇ ಬೇಕು ಅಂದಾಗ ಅಜ್ಜ ಬೇಕಂತಲೇ ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಲ್ಲಿ ನೆನೆಹಾಕಿ, ಆ ನೀರು ಸವರುತ್ತಿದ್ದ. ಹಳೆ ಕಾಲದ ಯುರೋಪಿನವರು ಬರೆಯುವ ಶಾಯಿ ಮಾಡಿದ್ದೂ ಇದೇ ಗುಣದಿಂದ. ಒಗರಿನ ಕಾಯಿಯ ರಸಕ್ಕೆ ಕಬ್ಬಿಣದ ಉಪ್ಪು ಬೆರೆಸಿದರೆ ಕಪ್ಪು. ಪುಸ್ತಕಗಳು ಆ ಒಗರಿಗೆ ಟ್ಯಾನಿನ್ ಎಂದು ಹೆಸರಿಟ್ಟಿವೆ. ಜಾಲಿಯ ತೊಗಟೆಯಲ್ಲಿ ಅದು ಹೆಚ್ಚು, ಮರದ ತಿರುಳಲ್ಲೂ ಉಂಟು. ಮರ ಹಸಿ ಇದ್ದಷ್ಟೂ ಅದು ಮೊಳೆಯನ್ನು ಬೇಗ ತಿನ್ನುತ್ತದೆ. ತುಕ್ಕು ತಿರುಗಿ ಸುತ್ತಲಿನ ಮರವನ್ನು ಕೊರೆಯುತ್ತದೆ. ಅದರ ಜೊತೆಗೆ ಹಸಿಮರ ಒಣಗಿ ಕುಗ್ಗುತ್ತದೆ, ಕಬ್ಬಿಣ ಕುಗ್ಗುವುದಿಲ್ಲ. ಮರ ಬಿಟ್ಟುಕೊಟ್ಟಿತು, ಮೊಳೆ ಸಡಿಲವಾಯಿತು. ಇಂಜಿನಿಯರು ಕಾಲೇಜಿನಲ್ಲಿ ಕಲಿಯುವ ಪಾಠ. ನಾರುವ ಬಾನಿಯ ಪಕ್ಕ ಕೂತವನಿಗೆ ಮೂಗಿನಿಂದಲೇ ಗೊತ್ತಿತ್ತು. ಆದರೆ ಬಾನಿ ನಾರುತ್ತದೆ ಅಂತ ಮೂಗು ಮುಚ್ಚಿಕೊಂಡು ಹೋದವರು ಅಲ್ಲೊಂದು ವಿದ್ಯೆ ಇದೆ ಅಂತ ತಿರುಗಿ ನೋಡಲಿಲ್ಲ.

"ಇನ್ನು ಮೊಳೆ ಬ್ಯಾಡ. ಕೀಲು ಹೊಡಸ್ತೀನಿ" ಅಂದ ಅಜ್ಜ.

ಹಿಂದೆ ಗಾಳಿಗೆ ಬಿದ್ದಿದ್ದ ಒಂದು ಬೇವಿನಮರ ಕೊಯ್ಸಿ ಗೋಡೆಗೆ ಒರಗಿಸಿದ್ದ. ಚೆನ್ನಾಗಿ ಒಣಗಿತ್ತು. ಕೀಲಿಗೆ ಜಾಲಿ. ತೊಗಟೆಯನ್ನು ಹದಕ್ಕೆಂದು ಸುಲಿದ ಮೇಲೆ ಉಳಿದ ದಪ್ಪ ಕೊಂಬೆಗಳು ಹಿತ್ತಿಲಲ್ಲಿ ಬಿದ್ದಿದ್ದವು. ಅವನ್ನು ಗರಗಸದಲ್ಲಿ ಕೊಯ್ಯಲಿಲ್ಲ, ಕೊಡಲಿಯಲ್ಲಿ ಸಿಗಿದ. ಯಾಕೆ ಅಂದರೆ ಗರಗಸ ಮರದ ಎಳೆ ನೋಡುವುದಿಲ್ಲ, ಅಡ್ಡಡ್ಡ ಕಡಿದು ಹೋಗುತ್ತದೆ. ಎಳೆ ಕಡಿದ ಕೀಲು ಏಟಿಗೆ ಮುರಿಯುತ್ತದೆ. ಸಿಗಿದರೆ ಮರ ತನ್ನ ಎಳೆಯ ದಾರಿಯಲ್ಲೇ ಬಿಡುತ್ತದೆ. ತುದಿಯಿಂದ ಬುಡದವರೆಗೆ ಒಂದೇ ಎಳೆ. ಸಿಗಿದ ಕಡ್ಡಿಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಟ್ಟ. ಎರಡು ತಿಂಗಳ ಮೇಲೆ ತೆಗೆದು ಒಂದಕ್ಕೊಂದು ತಟ್ಟಿದರೆ ಲೋಹದ ಹಾಗೆ ಠಣ್ ಅಂದವು. ಕೀಲು ಬಾಗಿಲುವಾಡದ ಮರಕ್ಕಿಂತ ಒಣಗಿರಬೇಕು. ಆಗ ಅದು ಮುಂದೆ ಕುಗ್ಗುವುದಿಲ್ಲ. ಪೂರಾ ದುಂಡಗೂ ಹೆರೆಯಲಿಲ್ಲ. ಎಂಟು ಮುಖ ಬಿಟ್ಟ, ತುದಿಯನ್ನಷ್ಟೆ ಚೂಪು ಮಾಡಿದ. ದುಂಡು ತೂತಿಗೆ ಎಂಟು ಮುಖದ ಕೀಲು ಹೋದರೆ ಅಂಚುಗಳು ಕಚ್ಚಿ ಹಿಡಿಯುತ್ತವೆ.

ಇಷ್ಟೆಲ್ಲ ಗೊತ್ತಿದ್ದವನಿಗೆ ಬಾಗಿಲುವಾಡ ಮಾಡಲು ಬರುತ್ತಿರಲಿಲ್ಲ. ಯಾಕೆ ಬರುತ್ತಿರಲಿಲ್ಲ? ಉಳಿ, ಬಾಚಿ, ಬೈರಿಗೆ ಒಂದು ಜಾತಿಯ ಕೈಯಲ್ಲಿ. ರಂಪಿ ಇನ್ನೊಂದು ಜಾತಿಯ ಕೈಯಲ್ಲಿ. ವಿದ್ಯೆಗೆ ಬೇಲಿ ಹಾಕಿದ್ದು ವಿದ್ಯೆಯಲ್ಲ. ಅಜ್ಜ ಬಡಗಿಯ ಮನೆಯ ಮುಂದೆ ಅಷ್ಟು ದೂರದಲ್ಲಿ ನಿಂತು, "ಆಚಾರ್ರೆ, ಒಂದು ಬಾಗಿಲುವಾಡ ಆಗಬೇಕಿತ್ತು ಸಾಮಿ" ಅಂದ.

"ನಿಮ್ ಕೇರಿಗೆ ನಾನೆಂಗ್ ಬರ್ಲಾ?" ಅಂದರು ಆಚಾರಿ.

ಅಜ್ಜನಿಗೆ ಅವರಿಗಿಂತ ಹತ್ತು ವರ್ಷ ಹೆಚ್ಚು. ಆದರೂ ಅವರು ಅಜ್ಜನಿಗೆ 'ಲಾ', ಅಜ್ಜ ಅವರಿಗೆ 'ಸಾಮಿ'. ಆ ಆಚಾರಿಯೂ ಉಂಡುಟ್ಟವರಲ್ಲ. ಆಯದ ಲೆಕ್ಕದಲ್ಲಿ ಅವರೂ ನಾವೂ ಒಂದೇ ಕಣದ ಹತ್ತಿರ ಕಾಯುತ್ತಿದ್ದವರು. ರೈತನ ನೇಗಿಲು, ಕುಂಟೆ, ಕೂರಿಗೆ, ಗಾಡಿ ವರ್ಷವೆಲ್ಲ ರಿಪೇರಿ ಮಾಡಿ ಸುಗ್ಗಿಯಲ್ಲಿ ಕಾಳು ಇಸಿದುಕೊಳ್ಳಬೇಕು. ಅವರಿಗೆ ಮೊದಲು ಕೊಡುತ್ತಿದ್ದರು, ನಮಗೆ ಕೊನೆಗೆ ಕಣ ಗುಡಿಸಿದ ಮಣ್ಣುಗಾಳು. ಅಷ್ಟೇ ಅಂತರ. ಆದರೆ ಆ ಅಷ್ಟೇ ಅಂತರ ಉಳಿಸಿಕೊಳ್ಳಲು ಮನುಷ್ಯ ಏನೆಲ್ಲ ಮಾಡುತ್ತಾನೆ! ಹನ್ನೆರಡನೆ ಶತಮಾನದಲ್ಲಿ ಬಾಚಿಕಾಯಕದ ಬಸವಣ್ಣ ಎಂಬ ಬಡಗಿಯೂ ಮಾದಾರ ಧೂಳಯ್ಯ ಎಂಬ ಚಮ್ಮಾರನೂ ವಚನ ಬರೆದ ನಾಡು ಇದು. ಎಂಟುನೂರು ವರ್ಷದ ಮೇಲೆ ನಮ್ಮ ಅಜ್ಜ ಬಡಗಿಯ ಅಂಗಳದ ಹೊರಗೆ ನಿಂತಿದ್ದ.

ಕೊನೆಗೆ ಒಪ್ಪಂದವಾಯಿತು. ಊರಿಗೂ ಕೇರಿಗೂ ನಡುವೆ ಇರುವ ಹುಣಸೆಮರದ ಕೆಳಗೆ ಕೆಲಸ. ಕೂಲಿ ಒಂದು ಜೊತೆ ಮೆಟ್ಟು, ಬೈರಿಗೆಗೆ ಎರಡು ಬಾರು, ಹತ್ತು ಸೇರು ಶೇಂಗಾ. ಅಸ್ಪೃಶ್ಯತೆ ಅಪರಾಧ ಎಂದು ಸಂವಿಧಾನ ಹೇಳಿ, 1955ರಲ್ಲಿ ಕಾಯಿದೆಯೂ ಬಂದಿತ್ತು. ಹುಣಸೆಮರದವರೆಗೆ ಆ ಸುದ್ದಿ ಮುಟ್ಟಿರಲಿಲ್ಲ.

1982ರ ಬೇಸಿಗೆ. ಆಚಾರಿ ಎರಡು ನಿಲುವುಗಳ ಎರಡೂ ತುದಿಗೆ ನಾಲಿಗೆ ಬಿಡಿಸಿದರು. ಮರದ ದಪ್ಪವನ್ನು ಮೂರು ಪಾಲು ಮಾಡಿ ಅತ್ತ ಒಂದು ಪಾಲು, ಇತ್ತ ಒಂದು ಪಾಲು ಕಡಿದು ತೆಗೆದರೆ ನಡುವೆ ಉಳಿಯುವುದೇ ನಾಲಿಗೆ. ಮೇಲಿನ ಅಡ್ಡಮರಕ್ಕೂ ಕೆಳಗಿನ ಹೊಸಿಲಿಗೂ ಆ ನಾಲಿಗೆ ಹೋಗುವಂಥ ಚೌಕದ ಕುಳಿ ಕೊರೆದರು. ಕೊಡತಿಯಿಂದ ಉಳಿಯ ತಲೆಗೆ ಟಕ್ ಟಕ್. ನಾಲಿಗೆ ಕುಳಿಗೆ ಸರಿಯಾಗಿ ಕೂತಿತು. ಕೈಯಲ್ಲಿ ಅಲ್ಲಾಡಿಸಿದರೂ ಅಲ್ಲಾಡಲಿಲ್ಲ.

"ಇಷ್ಟು ಬಿಗಿ ಕುಂತೈತಲ್ಲ, ಇನ್ನ ಕೀಲು ಯಾಕೆ?" ಅಂತ ನಮ್ಮಲ್ಲೊಬ್ಬ ಕೇಳಿದ.

"ಈಗ ಬಿಗಿ ಐತೆ. ನಾಕು ಬ್ಯಾಸಿಗಿ ಹೋಗ್ಲಿ, ಮರ ಒಣಗಿ ನಾಲಗಿ ಸಣ್ಣಗಾಗ್ತೈತೆ. ಆಗ ಹೊರಕ್ಕೆ ಜಾರ್ತೈತೆ. ಜಾರ್ದಂಗೆ ಹಿಡಿಯೋದು ಕೀಲು."

ಇನ್ನು ತೂತು ಕೊರೆಯಬೇಕು. ಬೈರಿಗೆ ತಿರುಗಬೇಕಾದರೆ ಅದಕ್ಕೆ ಸುತ್ತಿದ ಚರ್ಮದ ಬಾರನ್ನು ಒಬ್ಬ ಎರಡೂ ಕೈಯಲ್ಲಿ ಹಿಡಿದು ಅತ್ತಿತ್ತ ಎಳೆಯಬೇಕು. ಇನ್ನೊಬ್ಬ ಬೈರಿಗೆಯ ತಲೆಯನ್ನು ಒತ್ತಿ ಹಿಡಿಯಬೇಕು. ಆಚಾರಿಯ ಮಗ ಚಳ್ಳಕೆರೆಯ ಎಣ್ಣೆಮಿಲ್ಲಿಗೆ ಕೆಲಸಕ್ಕೆ ಹೋಗಿಬಿಟ್ಟಿದ್ದ. ಬಾರು ಎಳೆಯುವವರಿಲ್ಲ.

"ನಮ್ ಹುಡುಗ್ರು ಎಳೀತಾರೆ ಸಾಮಿ" ಅಂದ ಅಜ್ಜ.

ಆಚಾರಿ ಬಾರು ನೋಡಿದರು, ನಮ್ಮನ್ನು ನೋಡಿದರು. ಆ ಬಾರು ಅಜ್ಜ ಹದ ಮಾಡಿದ್ದೇ. ಅದನ್ನು ಕೊಂಡ ದಿನ ನೆಲದ ಮೇಲೆ ಇಡಿಸಿ, ನೀರು ಚಿಮುಕಿಸಿ ಎತ್ತಿಕೊಂಡಿದ್ದರು. ಆಮೇಲೆ ವರ್ಷಗಟ್ಟಲೆ ಊರಿನ ಬಾಗಿಲು, ತೊಟ್ಟಿಲುಗಳಿಗೆಲ್ಲ ಅದೇ ಬಾರು ತೂತು ಕೊರೆದಿತ್ತು. ಬಾರು ಎಲ್ಲರ ಮನೆಯ ಒಳಗೆ ಹೋಗಿಬಂದಿತ್ತು. ಬಾರು ಮಾಡಿದವನು ಹೋಗುವಂತಿರಲಿಲ್ಲ.

"ಎಳೀರಿ" ಅಂದರು ಕೊನೆಗೆ.

ನಾವು ಸರದಿಯಲ್ಲಿ ಎಳೆದೆವು. ಮೊದಲು ಕುಳಿಯ ಎರಡೂ ಗೋಡೆ ದಾಟುವ ಹಾಗೆ ತೂತು. ಆಮೇಲೆ ನಾಲಿಗೆಯನ್ನು ಒಳಗೆ ಕೂರಿಸಿ, ಆ ತೂತಿನಿಂದಲೇ ಬೈರಿಗೆಯ ಮೊನೆ ಇಳಿಸಿ ನಾಲಿಗೆಯ ಮೇಲೆ ಗುರುತು. ನಾಲಿಗೆ ಹೊರಗೆ ತೆಗೆದರು. ಗುರುತಿನ ಮೇಲೆ ಕೊರೆಯುತ್ತಾರೆ ಅಂದುಕೊಂಡೆವು. ಅವರು ಕೊರೆಯಲಿಲ್ಲ. ಗುರುತಿನಿಂದ ನಾಲಿಗೆಯ ಬುಡದ ಕಡೆಗೆ ಒಂದು ರಾಗಿಕಾಳಿನಷ್ಟು ಸರಿಸಿ ಬೈರಿಗೆ ಇಟ್ಟರು.

"ತಪ್ಪಾತು ಆಚಾರ್ರೆ, ತೂತಿಗೆ ತೂತು ಕೂಡಲ್ಲ!" ಅಂತ ಕೂಗಿದೆವು.

ಆಚಾರಿ ಮೊದಲ ಸಲ ನಕ್ಕರು. "ಕೂಡಬಾರ್ದು ಕಣ್ರಲಾ. ನೆಟ್ಟಗೆ ಕೊರುದ್ರೆ ಕೀಲು ಸುಮ್ನೆ ಕುಂತಿರ್ತೈತೆ. ಒಂದು ಕಾಳು ಡೊಂಕು ಕೊರುದ್ರೆ ಕೀಲು ಒಳಕ್ಕೆ ಹೋಗ್ತಾ ಹೋಗ್ತಾ ಎಳೀತೈತೆ. ಎಳದು ಎಳದು ಎರಡೂ ಮರಾನ ಒಂದಕ್ಕೊಂದು ಅವಚಿಸ್ತೈತೆ. ಕಾಳಿಗಿಂತ ಜಾಸ್ತಿ ಸರಿಸಿದ್ರೆ ಕೀಲು ಮುರೀತೈತೆ. ನಾಲಗಿ ತುದಿಗೆ ಭಾಳ ಹತ್ರ ಕೊರುದ್ರೆ ನಾಲಗಿ ಸೀಳ್ತೈತೆ. ಅಷ್ಟೇ ವಿದ್ಯೆ."

ಅಜ್ಜ ಕೀಲುಗಳನ್ನು ಕೊಟ್ಟ. ಆಚಾರಿ ಎರಡನ್ನು ಎತ್ತಿ ತಟ್ಟಿದರು. ಠಣ್. ಎಳೆ ನೋಡಿದರು. "ಯಾರು ಸಿಗ್ದಿದ್ದು?" ಅಂದರು. "ನಾನೇ ಸಾಮಿ." ಅವರು ಮಾತಾಡಲಿಲ್ಲ. ತಮ್ಮ ಚೀಲದಿಂದ ತೆಗೆದಿಟ್ಟಿದ್ದ ಕೀಲುಗಳನ್ನು ತಿರುಗಿ ಚೀಲಕ್ಕೆ ಹಾಕಿಕೊಂಡರು. ಕೊಡತಿ ಏಟು ಬೀಳುತ್ತಿದ್ದ ಹಾಗೆ ಸಂದು ಮುಚ್ಚಿಕೊಳ್ಳುವುದು ಕಣ್ಣಿಗೇ ಕಂಡಿತು. ಮೊದಲು ಕೂದಲೆಳೆ, ಆಮೇಲೆ ಅದೂ ಇಲ್ಲ. ಏಟಿನ ಸದ್ದು ಬದಲಾಯಿತು. ಟೊಳ್ಳು ಸದ್ದು ಹೋಗಿ ಗಟ್ಟಿ ಸದ್ದು ಬಂತು. "ಇನ್ನ ಸಾಕು" ಅಂದರು. ಮೂಲೆಗೆರಡರಂತೆ ಎಂಟು ಕೀಲು. ಅಂಟಿಲ್ಲ, ಮೊಳೆಯಿಲ್ಲ.

ಇದನ್ನೆಲ್ಲ ರಸ್ತೆಯಲ್ಲಿ ಹೋಗುತ್ತಿದ್ದ ಒಬ್ಬ ಮೇಷ್ಟ್ರು ನೋಡಿದ್ದರು. ಬೇಸಿಗೆ ರಜ ಮುಗಿದ ಮೇಲೆ ತರಗತಿಯಲ್ಲಿ ನಮ್ಮನ್ನು ನಿಲ್ಲಿಸಿ ಪಂಚತಂತ್ರದ ಕೋತಿಯ ಕಥೆ ಹೇಳಿದರು. ಬಡಗಿ ಅರ್ಧ ಕೊಯ್ದ ದಿಮ್ಮಿಯ ಸಂದಿಗೆ ಬೆಣೆ ಸಿಕ್ಕಿಸಿ ಊಟಕ್ಕೆ ಹೋಗಿದ್ದ. ಕೋತಿ ಬಂದು ದಿಮ್ಮಿಯ ಮೇಲೆ ಕೂತು ಬೆಣೆ ಕಿತ್ತಿತು, ಸಂದಿಗೆ ಸಿಕ್ಕಿ ಸತ್ತಿತು. "ನೀತಿ ಏನು? ತನ್ನದಲ್ಲದ ಕೆಲಸಕ್ಕೆ ಕೈ ಹಾಕಬಾರದು." ತರಗತಿ ನಮ್ಮನ್ನು ನೋಡಿ ನಕ್ಕಿತು. ಮನೆಗೆ ಬಂದು ಅಜ್ಜನಿಗೆ ಹೇಳಿದೆವು. ಅಜ್ಜ ರಂಪಿ ಮಸೆಯುತ್ತಲೇ ಕೇಳಿದ: "ಆ ಕ್ವಾತಿಗೆ ಬೆಣೆ ಯಾಕೈತೆ ಅಂತ ಯಾರಾನ ಹೇಳಿಕೊಟ್ಟಿದ್ರಾ?"

ಮೇಷ್ಟ್ರುಗಳೇ, ಈ ಪತ್ರಿಕೆ ಓದುವವರಲ್ಲಿ ನೀವು ಬಹಳ ಜನ. ನಮ್ಮಲ್ಲೂ ಒಬ್ಬ ನಿಮ್ಮವನೇ. ಆ ಕಥೆ ಹೇಳುವಾಗ ಅಜ್ಜನ ಪ್ರಶ್ನೆಯನ್ನೂ ಹೇಳಿ. ನಮ್ಮ ಸಹಾಯಕರು ಅಂತ ಪಾಠದಲ್ಲಿ ಬಡಗಿ, ಕಮ್ಮಾರ, ಚಮ್ಮಾರರ ಚಿತ್ರ ಬೇರೆಬೇರೆ ಚೌಕದಲ್ಲಿ ಬರುತ್ತದೆ. ಬಡಗಿಯ ಬೈರಿಗೆಗೆ ಬಾರು ಎಲ್ಲಿಂದ ಬಂತು, ಕಮ್ಮಾರನ ತಿದಿ ಯಾರು ಹೊಲಿದರು ಅಂತ ಮಕ್ಕಳನ್ನು ಕೇಳಿ. ಚೌಕಗಳ ಗೆರೆ ಅಲ್ಲಿಂದ ಅಳಿಸಲು ಶುರುವಾದೀತು.

ನಮ್ಮ ಮನೆಗೆ ಬಾಗಿಲಾಯಿತು, ಸರಿ. ಉಳಿದವರ ಮನೆ? ಸಾಲಿನಲ್ಲಿ ಎಲ್ಲರ ಬಾಗಿಲೂ ಅದೇ ಹಸಿ ಜಾಲಿ, ಅದೇ ಮೊಳೆ. ಕೇರಿಯ ಹುಡುಗರೆಲ್ಲ ಸೇರಿ ಅರ್ಜಿ ಬರೆದೆವು. ಆ ತುಕ್ಕು ಮೊಳೆಯನ್ನು ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಒಂದು ಕಚೇರಿಗೆ ಹೋದೆವು. ಸಾಹೇಬರು ಪೊಟ್ಟಣ ತೆರೆದು ನೋಡಿ, "ಎಸ್ಟಿಮೇಟಿನಲ್ಲಿ ಮೊಳೆ ಅಂತ ಇದೆ, ಮೊಳೆ ಹೊಡೆದಿದ್ದಾರೆ" ಅಂದರು. ನಮ್ಮ ಜೊತೆ ಬಂದಿದ್ದ ಅಜ್ಜಿ ತನ್ನ ಡೊಂಕು ಕೈ ಮೇಜಿನ ಮೇಲಿಟ್ಟು, "ಇದಕ್ಕೆ ಏನಂತ ಬರದೈತೆ ಸಾಮಿ ಅದ್ರಾಗೆ?" ಅಂದಳು. ಅವರ ಬಳಿ ಉತ್ತರವಿರಲಿಲ್ಲ. ಅರ್ಜಿ ಅಲ್ಲೇ ಉಳಿಯಿತು. ಮೊಳೆ ಮಾತ್ರ ನಾವು ವಾಪಸು ತಂದೆವು.

ಉತ್ತರ ಬಾರದೆ ಹೋದಾಗ ಕೇರಿಯೇ ಕೈ ಹಾಕಿತು. ಚಳ್ಳಕೆರೆಯ ಸಂತೆಯಲ್ಲಿ ಒಂದು ಉಳಿ, ಒಂದು ಗರಗಸ, ಒಂದು ಬೈರಿಗೆ ಮೊನೆ ಕೊಂಡೆವು. ಬಾರು ನಮ್ಮಲ್ಲೇ ಇತ್ತು. ಹಳೆ ನಿಲುವುಗಳ ಕೊಳೆತ ತುದಿ ಕೊಯ್ದು, ಒಳಗಿನ ಗಟ್ಟಿಮರದಲ್ಲೇ ನಾಲಿಗೆ ಬಿಡಿಸಿದೆವು. ತುಂಡಾದ ಎತ್ತರವನ್ನು ಹೊಸಿಲ ಕೆಳಗೆ ಕಲ್ಲುಚಪ್ಪಡಿ ಇಟ್ಟು ತುಂಬಿದೆವು. ತಲೆ ಬಗ್ಗಿಸಿ ಹೋಗುವ ಬಾಗಿಲು ಬೇಡ ಅಂತ ಅಜ್ಜ ಹಟ ಹಿಡಿದಿದ್ದ. ಮೊದಲನೆ ಮನೆಯಲ್ಲಿ ರಾಗಿಕಾಳಿನ ಬದಲು ಜೋಳದ ಕಾಳಿನಷ್ಟು ಸರಿಸಿಬಿಟ್ಟು ಮೂರು ಕೀಲು ಮುರಿದೆವು. ಎರಡನೆ ಮನೆಯಲ್ಲಿ ನಾಲಿಗೆ ಸೀಳಿದೆವು. ಆಚಾರಿ ಒಂದು ದಿನ ಹುಣಸೆಮರ ದಾಟಿ ಬಂದು, ಕೇರಿಯ ಬಾಯಲ್ಲೇ ನಿಂತು, "ಬೈರಿಗೆ ಓರೆ ಹಿಡಿದೀರಲಾ" ಅಂತ ಕೂಗ್ಯಾಡಿ ಹೋದರು. ಎರಡು ಬೇಸಿಗೆಯಲ್ಲಿ ಹದಿನಾಲ್ಕು ಬಾಗಿಲು. ಆದರೂ ಸುಳ್ಳು ಹೇಳಬಾರದು. ಆ ಆಚಾರಿ ಕೊನೆಯವರೆಗೂ ನಮ್ಮ ಮನೆಯಲ್ಲಿ ನೀರು ಕುಡಿಯಲಿಲ್ಲ. ಅವರ ಮನೆಯಲ್ಲಿ ನಮಗೆ ಲೋಟ ಬೇರೆಯೇ ಇತ್ತು. ಕೀಲು ಎರಡು ಮರಗಳನ್ನು ಕೂಡಿಸಿತು, ಎರಡು ಕೇರಿಗಳನ್ನಲ್ಲ.

ನಾವು ಹುಣಸೆಮರದ ಕೆಳಗೆ ಬಾರು ಎಳೆಯುತ್ತಿದ್ದ ಅದೇ 1982ರಲ್ಲಿ ಟರ್ಕಿ ದೇಶದ ಕರಾವಳಿಯಲ್ಲಿ, ಉಲುಬುರುನ್ ಎಂಬಲ್ಲಿ, ಸ್ಪಂಜು ತೆಗೆಯಲು ಸಮುದ್ರಕ್ಕೆ ಮುಳುಗುವ ಒಬ್ಬ ಕೆಲಸಗಾರನಿಗೆ ಒಂದು ಮುಳುಗಿದ ಹಡಗು ಸಿಕ್ಕಿತು. ಸುಮಾರು 3300 ವರ್ಷ ಹಳೆಯದು. ಅದರ ಹಲಗೆಗಳನ್ನು ಕೂಡಿಸಿದ್ದು ಕುಳಿ, ನಾಲಿಗೆ, ಮರದ ಕೀಲು. ಹಡಗಿನ ಯಜಮಾನ ಯಾರೋ ರಾಜನೋ ವ್ಯಾಪಾರಿಯೋ, ವಿದ್ವಾಂಸರು ಚರ್ಚೆ ಮಾಡುತ್ತಾರೆ. ಕೀಲು ಸಿಗಿದವನ ಹೆಸರು ಯಾರೂ ಕೇಳುವುದಿಲ್ಲ. ನಮ್ಮ ಮೊಳಕಾಲ್ಮೂರು ತಾಲ್ಲೂಕಿನಲ್ಲೇ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಚಕ್ರವರ್ತಿಯ ಮಾತು ಮುಗಿದ ಮೇಲೆ ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಲಿಪಿಕಾರ ಎಂಬ ಪದವನ್ನು ಮಾತ್ರ ಬೇರೆ ಲಿಪಿಯಲ್ಲಿ, ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಕೆಲಸ ಮಾಡಿದವನು ಅರಸನ ಕಲ್ಲಿನ ಮೂಲೆಯಲ್ಲಿ ತನ್ನ ಗುರುತು ಬಿಟ್ಟ. ಅವನಿಗೆ ಅಕ್ಷರ ಗೊತ್ತಿತ್ತು. ನಮ್ಮ ಅಜ್ಜನಿಗೆ ಗೊತ್ತಿರಲಿಲ್ಲ. ಅದಕ್ಕೇ ಇದನ್ನು ನಾವು ಬರೆಯಬೇಕಾಯಿತು.

ಈಗ ಕಾಲ ಬೇರೆ. ಬಾಗಿಲುವಾಡ ಕಬ್ಬಿಣದ್ದು, ಸಿಮೆಂಟಿನದು ಸಿಗುತ್ತದೆ. ಪ್ಲೈವುಡ್ಡಿಗೆ ಫೆವಿಕಾಲ್ ಬಳಿದರೆ ಆಯಿತು. ಎತ್ತಿನಗಾಡಿ ಹೋಯಿತು, ಕಪಿಲೆ ಹೋಯಿತು, ಬೈರಿಗೆ ತಿರುಗಿಸುವ ಬಾರೂ ಹೋಯಿತು. ಆಚಾರಿಯ ಮಗ ಎಣ್ಣೆಮಿಲ್ಲು ಬಿಟ್ಟು ಬೆಂಗಳೂರು ಸೇರಿ ಯಾರದೋ ಅಂಗಡಿಯಲ್ಲಿ ದಿನಗೂಲಿಗೆ ಕಪಾಟು ಜೋಡಿಸಿದ. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಸರ್ಕಾರದ ಭೌಗೋಳಿಕ ಗುರುತು ಸಿಕ್ಕಿದೆ. ಅದನ್ನು ನೇಯುವ ಗುಂಡಿಮಗ್ಗದ ಮರಗಳನ್ನು ಇವತ್ತಿಗೂ ಬೆಣೆ ಹೊಡೆದು ಕೂಡಿಸಿದ್ದು ನೋಡಬಹುದು. ಹಲಗೆಯ ಬಡಿತಕ್ಕೆ ಮೊಳೆ ಸಡಿಲವಾದರೆ ಮುಗಿಯಿತು, ಬೆಣೆ ಸಡಿಲವಾದರೆ ಇನ್ನೊಂದು ಏಟು ಸಾಕು. ಸೀರೆಗೆ ಗುರುತು ಸಿಕ್ಕಿತು, ಬೆಣೆಗೆ ಯಾರು ಗುರುತು ಕೊಡುತ್ತಾರೆ?

ಹೋದ ವರ್ಷ ನಮ್ಮ ಹೊಸಿಲು ಬದಲಾಯಿಸಬೇಕಾಯಿತು. ನಲವತ್ತು ವರ್ಷದ ಕಾಲುಗಳಿಗೆ ನಡುವೆ ತೊಟ್ಟಿಲಿನ ಹಾಗೆ ಸವೆದಿತ್ತು, ಕೆಳಗೆ ನೀರು ಕುಡಿದು ಮೆತ್ತಗಾಗಿತ್ತು. ನಮ್ಮಲ್ಲೊಬ್ಬಳ ಮಗಳು ಐಟಿಐ ಓದುತ್ತಿದ್ದಾಳೆ. ಕರೆಂಟಿನ ಡ್ರಿಲ್ಲು ತಂದಿದ್ದಳು. ಕೆಳಗಿನ ನಾಲ್ಕು ಕೀಲುಗಳನ್ನು ಹಿಂದಿನಿಂದ ಬಡಿದು ಹೊರಗೆ ತೆಗೆದಳು. ಸುಲಭಕ್ಕೆ ಬರಲಿಲ್ಲ, ಒಂದೊಂದಕ್ಕೂ ಅರ್ಧ ಗಂಟೆ ಹಿಡಿಯಿತು. ಬಂದ ಮೇಲೆ ಅಂಗೈಯಲ್ಲಿಟ್ಟುಕೊಂಡು ನೋಡಿ, "ದೊಡ್ಡಪ್ಪ, ಇದೇನು, ಎಲ್ಲವೂ ಸೊಟ್ಟಗಿದಾವೆ?" ಅಂದಳು.

ನಾವು ಮೂವರೂ ಬಗ್ಗಿ ನೋಡಿದೆವು. ಅಜ್ಜ ನೆಟ್ಟಗೆ ಹೆರೆದು ಕೊಟ್ಟಿದ್ದ ಕೀಲುಗಳು. ಒಳಗೆ, ಯಾರ ಕಣ್ಣಿಗೂ ಬೀಳದ ಕಡೆ, ಒಂದು ರಾಗಿಕಾಳಿನಷ್ಟು ಬಾಗಿ ಕೂತಿದ್ದವು. ಎಳೆ ಒಂದೂ ಕಡಿದಿರಲಿಲ್ಲ. ತುಕ್ಕಿಲ್ಲ, ಹುಳುವಿಲ್ಲ. ನಮ್ಮಲ್ಲೊಬ್ಬಳು ಒಂದನ್ನು ಎತ್ತಿ ತನ್ನ ಮಣಿಕಟ್ಟಿನ ಪಕ್ಕ ಹಿಡಿದಳು. ಏನೂ ಹೇಳಲಿಲ್ಲ. ಮೂವರಿಗೂ ಅಜ್ಜಿಯ ಕೈ ನೆನಪಾಯಿತು.

ಹುಡುಗಿ ಹೊಸ ಜಾಲಿ ಕಡ್ಡಿಗಳನ್ನು ಸಿಗಿದಿಟ್ಟಿದ್ದಳು. ತಟ್ಟಿ ತೋರಿಸಿದಳು. ಠಣ್ ಅಂದವು. ಡ್ರಿಲ್ಲಿನ ಮೊನೆಯನ್ನು ಗುರುತಿನ ಮೇಲಿಟ್ಟು ನಮ್ಮ ಮುಖ ನೋಡಿದಳು.

"ಅಲ್ಲಿ ಬ್ಯಾಡ. ಒಂದು ರಾಗಿಕಾಳು ಈಚೆಗೆ" ಅಂದೆವು.